ಮೂರನೇ ಹಾಡಿನ ಮಳೆ

2-9-84, ಭಾನುವಾರ, ಶ್ರೀನಿವಾಸಪುರ

ತಲೆಗೆ ಎಣ್ಣೆ ಹಚ್ಚಿಕೊಂಡು ಎಂಟನೇ ಕ್ಲಾಸಿನ ಇಂಗ್ಲಿಷ್ ಪೇಪರ್ ತಿದ್ದಿದೆ. ಟೇಪ್‌ನಲ್ಲಿ ಮತ್ತೆ ಅದೇ ಕ್ಯಾಸೆಟ್. ನನ್ನನ್ನು ನೋಡಲು ಬಂದಿದ್ದ ಹುತ್ತೂರಿನ ಅಶ್ವತ್ಥಪ್ಪನವರು ಕೊಟ್ಟುಹೋದದ್ದು. ಯಾರದೋ ಎಲ್‌ಪಿ ರೆಕಾರ್ಡಿನಿಂದ ತುಂಬಿಸಿದ್ದಂತೆ. ಹಾಡಿದವಳು ಒಬ್ಬಾಕೆ; ಹಾಡು ಬರೆದವಳೂ, ರಾಗ ಹಾಕಿದವಳೂ, ಗಿಟಾರ್ ಹಿಡಿದವಳೂ ಆಕೆಯೇ. ಮೊದಲೆರಡು ಹಾಡಲ್ಲಿ ಡ್ರಮ್ಸ್ ಗಲಾಟೆ. ಮೂರನೆಯದರಲ್ಲಿ ಎಲ್ಲ ನಿಂತುಹೋಗುತ್ತದೆ. ಗಿಟಾರ್, ಗಂಟಲು, ಹಿಂದೆ ಸಣ್ಣಗೆ ಮಳೆ... ಎಂಥ ಧೈರ್ಯ! ಡ್ರಮ್ಸ್ ಬೇಡ, ಮಳೆ ಸಾಕು ಅಂದುಬಿಟ್ಟಿದ್ದಾಳೆ.

ಸೋದರತ್ತೆ ಇಣುಕಿದಳು. "ಇದೇಂ ಪಾಟನೇ ತಲ್ಲೀ, ಈ ಹಾಡು ಯಾರೋ ಅತ್ತಂಗೈತೆ."

ಈ ಸಂಬಂಧಕ್ಕೆ ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು, ಅಪ್ಪನ ಗಡುವು. ಗಂಡಿನಲ್ಲಿ ತಪ್ಪಿಲ್ಲ. ಆದರೆ ಕ್ಯಾಸೆಟ್ ಕೊಡುವುದು ಬೇರೆ, ಕೇಳುವುದು ಬೇರೆ. ಜೊತೆಗೆ ಕೂತು ಕೇಳುವವರಲ್ಲದಿದ್ದರೆ ನನಗೆ ಬೇಡ. ಮಳೆಯ ಬಗ್ಗೆ ಅಶ್ವತ್ಥಪ್ಪನವರಿಗೆ ಎರಡು ಪುಟ ಕಾಗದ ಬರೆದೆ.

11-9, ಮಂಗಳವಾರ

ಉತ್ತರ ಬಂತು. "ನನ್ನ ಹತ್ತಿರವೂ ಅದೇ ಕ್ಯಾಸೆಟ್ಟಿನ ಪ್ರತಿ ಇದೆ. ನಾಲ್ಕು ಸಲ ಕೇಳಿದೆ. ಮಳೆ ಸಿಗಲಿಲ್ಲ. ಸುಳ್ಳು ಬರೆಯಲು ಮನಸ್ಸಾಗಲಿಲ್ಲ."

ಕಿವುಡರಾ? ಬೇಜಾರಾಯಿತು. ಊಹೂಂ ಅನ್ನುವುದೇ ವಾಸಿ.

15-9, ಶನಿವಾರ

ಸ್ಟಾಫ್ ರೂಮಲ್ಲಿ ಆ ಮಳೆಯ ಬಗ್ಗೆ ಭಾಷಣ ಬಿಗಿದೆ. ಶಾಮಲಮ್ಮ ಮೇಡಂ ಅಂದರು, "ಅದೇ ರೆಕಾರ್ಡು ಕೋಲಾರದಲ್ಲಿ ನಮ್ಮಣ್ಣನ ಮನೇಲಿದೆ ಕಣೇ. ನಾಳೆ ಬಾ, ಕೇಳ್ಸ್ತೀನಿ."

16-9, ಸಂಜೆ

ಮಳೆ ಇಲ್ಲ. ಕೋಲಾರದಲ್ಲಿ ರೆಕಾರ್ಡನ್ನು ಮೂರು ಸಲ ಹಾಕಿಸಿದೆ. ಒಂದು ಹನಿಯೂ ಇಲ್ಲ! ಮೇಡಂ ಮುಖ ನೋಡಲು ನಾಚಿಕೆ.

ಆದರೆ ಮಳೆ ಮುಚ್ಚಿಟ್ಟಿದ್ದೆಲ್ಲ ಕೇಳಿತು. ತಂತಿಯ ಮೇಲೆ ಬೆರಳು ಜಾರುವ ಸದ್ದು, ಸಾಲು ಎತ್ತುವ ಮುಂಚಿನ ಉಸಿರು, ಕುರ್ಚಿಯ ಕಿರ್ರು. ಅಳಿಸಬಹುದಿತ್ತು, ಉಳಿಸಿಕೊಂಡಿದ್ದಾಳೆ. ಮೊದಲ ಸೈಡಿನ ಕೊನೆಯ ಹಾಡು ಅರ್ಧ ಸಾಲಿಗೇ ನಿಲ್ಲುತ್ತದೆ. ಎದ್ದು ರೆಕಾರ್ಡ್ ತಿರುವಿ ಹಾಕಿದರೆ ಉಳಿದರ್ಧ ಅಲ್ಲಿಂದ ಶುರು. ನಾವು ಏಳುವುದನ್ನೂ ಹಾಡಿಗೆ ಸೇರಿಸಿಕೊಂಡ ಜಾಣೆ.

ಹಾಗಾದರೆ ಅಶ್ವತ್ಥಪ್ಪನವರು ಬರೆದದ್ದು ಸರಿ. ನನ್ನ ಕ್ಯಾಸೆಟ್ಟಿನ ಮಳೆ ಎಲ್ಲಿಯದು?

23-9, ಭಾನುವಾರ

ಹುತ್ತೂರಿಗೆ ಹೋಗಿದ್ದೆವು. "ನೀನೇ ಬಂದು ಮನೆ ನೋಡಮ್ಮ" ಅಂದಿದ್ದರು ಅಪ್ಪ. ರೇಷ್ಮೆ ಹುಳು ಸಾಕುವ ಮನೆತನ. ಹುಳು ದೊಡ್ಡವಾಗಿ ಗೂಡು ಕಟ್ಟಲು ನಾಲ್ಕು ದಿನ ಬಾಕಿ. ಅವರ ತಾಯಿ ಬೈರಮ್ಮ ಅಪ್ಪನನ್ನು ಜಗಲಿಯಲ್ಲೇ ಕೂರಿಸಿದರು. "ಹೊರಗಿನೋರನ್ನ ಹುಳಿನ ಮನೆಗೆ ಬಿಡಲ್ಲಣ್ಣ, ರೋಗ ತಗಲ್ತದೆ." ನನಗೆ ಮಾತ್ರ, "ನೀನು ಕೈಕಾಲು ತೊಳ್ಕೊಂಡು ಬಾರಮ್ಮ."

ಒಳಗೆ ಕತ್ತಲು. ಬೈರಮ್ಮ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಾ ಹೋದರು. ಹುಳುಗಳು ಸೊಪ್ಪು ಮೇಯುವ ಸದ್ದು, ಎಣ್ಣೆ ಕಾದಂತೆ ಚುರುಚುರು. ನಿಧಾನಕ್ಕೆ ಇಡೀ ಕೋಣೆ ತುಂಬ... ಅದೇ!

"ಯಾಕ್ರೀ ಹಂಗೆ ನಿಂತ್ಬಿಟ್ರಿ?" ಅಶ್ವತ್ಥಪ್ಪನವರು ಬಾಗಿಲಲ್ಲಿ.

"ಮಳೆ" ಅಂದೆ.

ಹೊರಗೆ ರಣಬಿಸಿಲು. ಬಾಗಿಲಾಚೆ ನೋಡಿದರು, ಹುಳು ನೋಡಿದರು, ಹಣೆ ಚಚ್ಚಿಕೊಂಡರು. "ಅಯ್ಯೋ... ಹೋದ ಹುಳಿನ ಬೆಳೇಲಿ ಪ್ಲೇಯರು, ಎಲ್‌ಪಿ ಒಂದೇ ದಿನಕ್ಕೆ ಸಿಕ್ಕಿತ್ತು. ಹುಳು ಬಿಟ್ಟು ಹೋಗಂಗಿಲ್ಲ. ಇಲ್ಲೇ ಸ್ಟೂಲ್ ಮೇಲೆ ಪ್ಲೇಯರ್ ಮುಂದೆ ಟೇಪ್ ಇಟ್ಟು ತುಂಬ್ಸಿದ್ದು. ಅಮ್ಮ ಸೊಪ್ಪು ಹಾಕ್ತಿದ್ರು. ಹುಟ್ಟಿದಾಗಿಂದ ಇದ್ರಲ್ಲೇ ಮಲಗೋರು ನಾವು, ನಮ್ಗೆ ಈ ಸದ್ದು ಕೇಳ್ಸೋದೇ ಇಲ್ಲ."

ನನ್ನ ಪಕ್ಕ ಬಂದು ನಿಂತರು. ಕಣ್ಣು ಮುಚ್ಚಿ, ತುಂಬ ಹೊತ್ತು. ಆಮೇಲೆ ಮೆಲ್ಲಗೆ, "ಈಗ ಕೇಳ್ತಿದೆ ಕಣ್ರೀ."

ಬಸ್ ಹತ್ತಿಸುವಾಗ, "ಸದ್ದಿಲ್ದಂಗೆ ಇನ್ನೊಂದು ತುಂಬ್ಸಿ ಕೊಡ್ತೀನಿ" ಅಂದರು. ಬೇಡ ಅಂದೆ.

24-9, ಬೆಳಿಗ್ಗೆ

ಅಪ್ಪ ಕಾಫಿ ಲೋಟ ಹಿಡಿದು ಹಜಾರದಲ್ಲಿ ಕೂತಿದ್ದಾರೆ. ನನ್ನ ಉತ್ತರಕ್ಕಾಗಿ ಕೆಮ್ಮುತ್ತಿದ್ದಾರೆ. ಟೇಪ್ ಹಾಕಿದ್ದೇನೆ. ಈ ಹಾಡೊಂದು ಆಗಲಿ, ಹೋಗಿ ಹೂಂ ಅನ್ನುತ್ತೇನೆ. ಡ್ರಮ್ಸ್ ನಿಂತಿತು. ಗಿಟಾರ್... ಹಾಂ, ಬೈರಮ್ಮ ಸೊಪ್ಪು ಹಾಕಿದರು. ಇನ್ನು—