ಶನಿವಾರ ಕಳೆದುಹೋಗುತ್ತಿದ್ದ ಮಾತುಗಳು

ಥಂಡರ್ ಬೇ, ಭಾನುವಾರ

ಪ್ರೀತಿಯ ಉರ್ಹೋ ಅಣ್ಣ,

ದೋಷ ಇದ್ದದ್ದು ನಮ್ಮ ನೆಲಮಾಳಿಗೆಯ ಬಿಸಿಕೋಣೆಯ, ಅದೇ ಸೌನಾದ, ಗೋಡೆಯಲ್ಲಿ, ನಿನ್ನ ಕಿವಿಯಲ್ಲಲ್ಲ. ನಿನ್ನೆ ಸಂಜೆ ಇದನ್ನು ಪತ್ತೆ ಮಾಡಿದವಳು ಪಕ್ಕದ ಮನೆಯ ಒಡೆಟ್. ಶಾಲೆಗಳ ಕಂಪ್ಯೂಟರ್ ಜಾಲ ನೋಡಿಕೊಳ್ಳುವುದು ಅವಳ ಕೆಲಸ. ನೀನು ಈಚೆಗೆ ನಮ್ಮ ಶನಿವಾರದ ಇಂಟರ್ನೆಟ್ ಕರೆಯನ್ನೇ ಎತ್ತುತ್ತಿಲ್ಲ, ಅದಕ್ಕೆ ಕಾಗದ ಬರೆಯುತ್ತಿದ್ದೇನೆ.

ಕೊನೆಯ ಕರೆಯಲ್ಲಿ ನನಗೆ ಸಿಕ್ಕ ತುಂಡುಗಳನ್ನು ಜೋಡಿಸಿದರೆ ನೀನು ಹೇಳಿದ್ದು ಇಷ್ಟು: "ಹಿಲ್ಕಾ, ನಿನ್ನ ಮಾತು ಅರ್ಧ ಕೇಳಿಸೋದೇ ಇಲ್ಲ ಕಣೇ. ತಂಗಿ ಮಾತೇ ಕೇಳದ ಕಿವಿ ಪಿಯಾನೋ ಶ್ರುತಿ ಏನು ಹಿಡಿಯುತ್ತೆ? ಚರ್ಚಿನ ಪಿಯಾನೋಗೆ ಬೇರೆ ಯಾರನ್ನಾದ್ರೂ ನೋಡ್ಕೋ ಅಂತ ಅಲ್ಲಿನ ಉಸ್ತುವಾರಿ ಸಿಲ್ವಿಗೆ ಹೇಳ್ಬಿಟ್ಟೆ." ನೀನು ಕಿವಿಯನ್ನು ದೂರಿದೆ. ನಾನು ನಿನ್ನ ಹೊಸ ಹಲ್ಲಿನ ಸೆಟ್ಟನ್ನು ದೂರಿದೆ. ಅನುಮಾನ ಒಮ್ಮೆ ಹೊಕ್ಕ ಮೇಲೆ ನಿನಗೆ ಯಾವ ತಂತಿಯ ಸ್ವರವೂ ಸರಿಯೆನಿಸಲಿಲ್ಲ.

ಚಿಕ್ಕಂದಿನಲ್ಲಿ ನೀನು ಹೆಪ್ಪುಗಟ್ಟಿದ ಸರೋವರದ ಮೇಲೆ ಕಲ್ಲೆಸೆದು, ಸದ್ದು ಕೇಳಿಯೇ ಮಂಜುಗಡ್ಡೆಯ ದಪ್ಪ ಹೇಳುತ್ತಿದ್ದೆ. "ಇಲ್ಲಿಂದಾಚೆ ಕಾಲಿಡ್ಬೇಡ" ಎಂದರೆ ನಾನು ಇಡುತ್ತಿರಲಿಲ್ಲ. ಆ ಕಿವಿ ಹೋಯಿತೆಂದರೆ ನಂಬಲು ನನಗೆ ಮನಸ್ಸಾಗಲಿಲ್ಲ. ಒಡೆಟ್‌ಳನ್ನು ಕರೆದೆ.

ಅವಳು ವಿವರಿಸಿದ್ದು ಹೀಗೆ. ಕಂಪ್ಯೂಟರ್ ನಮ್ಮ ಮಾತನ್ನು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಕತ್ತರಿಸಿ ಕಳಿಸುತ್ತದೆ. ದಾರಿಯಲ್ಲಿ ಕೆಲವು ಕಳೆದುಹೋದರೆ ಅಷ್ಟು ಪದಗಳು ಮಾಯ. ಹಿಂದಿನ ವಾರ ಮಂಗಳವಾರ ಬಂದು ಪರೀಕ್ಷಿಸಿದಳು, ಒಂದೂ ಕಳೆಯಲಿಲ್ಲ. ಮೇಜಿನ ಬಳಿಯ ಗಿಡ್ಡ ಕೇಬಲ್ ಬದಲಿಸಿ ಹೋದಳು. ಆ ಶನಿವಾರ ಮೇಜಿನ ಬಳಿ ಮತ್ತೆ ಪರೀಕ್ಷಿಸಿದರೆ ಮಾತು ಕಳೆಯುವ ಅದೇ ಪಾಡು. ಅವಳು ತನ್ನ ಲ್ಯಾಪ್‌ಟಾಪನ್ನು ನೆಲಮಾಳಿಗೆಯ ರೂಟರಿಗೇ ನೇರವಾಗಿ ಸಿಕ್ಕಿಸಿ ನೋಡಿದಳು. ಅಲ್ಲಿ ಎಲ್ಲವೂ ಸರಿ. ಹಾಗಾದರೆ ತಪ್ಪು ಗೋಡೆಯೊಳಗೆ ಮೇಲಕ್ಕೆ ಬರುವ ಕೇಬಲ್ಲಿನದು. ಅದೂ ಶನಿವಾರ ಮಾತ್ರ.

"ಶನಿವಾರ ಏನು ಮಾಡ್ತೀರಿ ನೀವು?" ಎಂದು ತೌನೋನನ್ನು ಕೇಳಿದಳು.

ನನ್ನ ಗಂಡನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಶನಿವಾರ ಸೌನಾ. ಜನ ಇನ್ನೇನು ಮಾಡ್ತಾರೆ?"

"ಅದು ಬಿಟ್ಟು?"

"ಅದು ಬಿಟ್ಟು ಏನಿದೆ? ಬೆವರು ಆರಿದ ಮೇಲೆ ಕಾಫಿ, ಏಲಕ್ಕಿ ಬ್ರೆಡ್ಡು. ಆಮೇಲೆ ಇವಳು, ಇವಳ ಅಣ್ಣ, ಹರಟೆ."

"ಕೇಬಲ್ ಯಾವ ಕಡೆಯಿಂದ ಎಳೆದಿದ್ದೀರಿ?"

ತೌನೋ ಹೆಮ್ಮೆಯಿಂದ ಸೌನಾದ ಒಲೆಯ ಹಿಂದಿನ ಮರದ ಗೋಡೆ ತೋರಿಸಿದ. "ನಾನೇ ಎಳೆದದ್ದು. ಅದೇ ಹತ್ತಿರದ ದಾರಿ."

"ಅಯ್ಯೋ ಮಹರಾಯ್ರೇ, ಕೇಬಲ್ಲಿಗೂ ಸೌನಾ ಮಾಡಿಸ್ತಿದ್ದೀರಲ್ಲ! ಒಲೆ ಆರಿಸಿ, ನೋಡೋಣ."

"ಶನಿವಾರ ಒಲೆ ಆರಿಸೋದಾ? ಬೇಕಾದ್ರೆ ಇಂಟರ್ನೆಟ್ಟೇ ಆರಿಸು."

ಹಾಗಾಗಿ ಒಂದು ವಾರ ಕಾದು, ನಿನ್ನೆ ತಣ್ಣನೆಯ ಒಲೆಯಿಂದಲೇ ಪರೀಕ್ಷೆ ಶುರುವಾಯಿತು. ಒಡೆಟ್ ನನ್ನ ಮೇಜಿನ ಬಳಿ ಕುಳಿತಳು, ತೌನೋ ಕೆಳಗೆ ಒಲೆ ಹೊತ್ತಿಸಿದ. ಮೊದಮೊದಲು ಏನೂ ಕಳೆಯಲಿಲ್ಲ. ಒಲೆಯ ಮೇಲಿನ ಕಲ್ಲುಗಳು ಕಾದ ಮೇಲೆ ಒಂದೊಂದೇ ಪ್ಯಾಕೆಟ್ ಕಳೆಯತೊಡಗಿತು, ಆಮೇಲೆ ಹಿಂಡುಹಿಂಡಾಗಿ. "ಸಿಕ್ತು!" ಎಂದು ಒಡೆಟ್ ಕೂಗಿದಳು. ತೌನೋ ಟವೆಲಿನಲ್ಲೇ ಮೆಟ್ಟಿಲು ಹತ್ತಿ ಬಂದು ಪರದೆ ನೋಡಿ, "ನನ್ನ ಒಲೆ ಅಷ್ಟು ಚೆನ್ನಾಗಿ ಕಾಯುತ್ತೆ ಅಂತಾಯ್ತು" ಎಂದ. ಮನುಷ್ಯ ಸೋಲೊಪ್ಪುವವನಲ್ಲ, ನಿನಗೆ ಗೊತ್ತು.

ನಿನ್ನ ಕಿವಿ ಹದಿನೆಂಟರ ಕಿವಿ ಎಂದು ನಾನು ಹೇಳಲಾರೆ. ಅದನ್ನು ಅಳೆಯುವ ವೈದ್ಯರಿದ್ದಾರೆ, ಬೇಕಾದರೆ ಹೋಗು. ಆದರೆ ಕಿವಿ ಕೆಟ್ಟಿತು ಅನ್ನಲು ನಿನ್ನ ಬಳಿ ಇದ್ದ ಒಂದೇ ಸಾಕ್ಷಿ ನಮ್ಮ ಶನಿವಾರದ ಕರೆ. ಆ ಸಾಕ್ಷಿ ಬಿದ್ದುಹೋಗಿದೆ. ಇದನ್ನು ಸುತ್ತಿಬಳಸದೆ ಹೇಳಬೇಕಿತ್ತು, ಅಣ್ಣ. ಕಳೆದ ವಾರಗಳಲ್ಲಿ ನೀನು ಒಬ್ಬನೇ ಹೆದರಿ ಕೂತಿದ್ದೆ ಎಂಬುದು ನನಗೆ ಸಹಿಸಲಾಗುತ್ತಿಲ್ಲ.

ಇವತ್ತು ಬೆಳಿಗ್ಗೆ ಸಿಲ್ವಿಗೆ ಫೋನ್ ಮಾಡಿದೆ. "ಬೇರೆಯವರನ್ನ ಯಾರು ಹುಡುಕಿದ್ರು? ಮುದುಕಪ್ಪನ ಮುನಿಸು ಇಳೀಲಿ ಅಂತ ಪಿಯಾನೋ ಮುಚ್ಚಿಟ್ಟು ಕಾಯ್ತಿದೀನಿ" ಎಂದಳು.

ದೇವರು ನಿನ್ನ ಬೆರಳುಗಳನ್ನು ಬೆಚ್ಚಗಿಟ್ಟಿರಲಿ. ನಿಮ್ಮ ಡುಲುತ್‌ನಲ್ಲಿ ಗಾಳಿ ಜೋರಂತೆ, ಟೋಪಿ ಮರೆಯಬೇಡ.

ಬುಧವಾರ ಒಡೆಟ್ ಹೊಸ ಕೇಬಲನ್ನು ಮೆಟ್ಟಿಲ ಬದಿಯಿಂದ ಎಳೆಯುತ್ತಾಳೆ. ಬರುವ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ಸಿಲ್ವಿ ನಿನಗಾಗಿ ಚರ್ಚಿನ ಬಾಗಿಲು ತೆಗೆಯುತ್ತಾಳೆ.

ನಿನ್ನ ತಂಗಿ,
ಹಿಲ್ಕಾ