ನಿನ್ನ ಬದಲು ನಾನು ಕೂತು ಬಂದೆ

ಗುರುವಾರ, ಸಂಜೆ

ಪ್ರೀತಿಯ ಅಣ್ಣಾ,

ಕ್ಷೇಮವೇ ಎಂದು ಕೇಳಲು ಧೈರ್ಯವಿಲ್ಲ. ನಮ್ಮ ಫೋಟೊ ಫ್ರೇಮ್ ಅಂಗಡಿಯ ಷಟರ್ ಅರ್ಧ ಇಳಿದಿದೆ, ನೀನು ಒಳಗೇ ಮಲಗಿದ್ದೀಯೆ ಎಂದು ಪಕ್ಕದ ದರ್ಜಿ ಹೇಳಿದರು. ಎದುರು ಬಂದರೆ ನೀನು ತಮಾಷೆ ಮಾಡುತ್ತೀಯೆ, ನಾನು ನಗುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಈ ಕಾಗದ.

ಇವತ್ತೂ ನೀನು ಆಪ್ತಸಮಾಲೋಚನೆಗೆ ಬರಲಿಲ್ಲ. ನಿನ್ನ ಹೆಸರು ಕೂಗಿದಾಗ ನಾನೇ ಎದ್ದು ಒಳಗೆ ಹೋದೆ. ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ನಾಚುವ ನಾನು! ಹೇಳುವುದನ್ನು ನನಗೇ ಹೇಳಿ, ಬರೆದುಕೊಂಡು ಹೋಗಿ ಅಣ್ಣನಿಗೆ ಒಪ್ಪಿಸುತ್ತೇನೆ ಎಂದೆ. ಕಾಲೇಜಿನಲ್ಲಿ ಗೆಳತಿಯರಿಗೆ ನೋಟ್ಸ್ ಬರೆದುಕೊಟ್ಟಷ್ಟೇ ಸುಲಭವೆಂದುಕೊಂಡಿದ್ದೆ. ಆಪ್ತಸಮಾಲೋಚಕಿ ಮೇಡಂ ಕನ್ನಡಕ ತೆಗೆದು, “ಮಾತ್ರೆ ನೀವು ನುಂಗಿದ್ರೆ ಜ್ವರ ಅವರದ್ದು ಇಳಿಯುತ್ತೇನಮ್ಮಾ?” ಎಂದರು.

ಅವರ ಬಗ್ಗೆ ನೀನು ಆಡಿದ ಮಾತನ್ನೂ ಹೇಳಿದೆ: “ಒಂದು ಗುಟುಕೂ ಕುಡಿಯದವಳು ನನಗೇನು ಬುದ್ಧಿ ಹೇಳ್ತಾಳೆ? ಈಜು ಬರದವಳ ಹತ್ರ ಈಜು ಕಲೀಬೇಕಾ?” ಅವರು ನಗಲಿಲ್ಲ. ನೀವು ನಕ್ಕಿರಾ ಎಂದು ಕೇಳಿದರು. ನಕ್ಕೆ ಎಂದೆ.

ಆಮೇಲೆ ನಿನ್ನ ವಿಷಯ ಬಿಟ್ಟು ನನ್ನನ್ನೇ ಕೇಳತೊಡಗಿದರು. ಎಲ್ಲವನ್ನೂ ಹೇಳಿಬಿಟ್ಟೆ. ಗಾಜು ಕೊಯ್ಯುವಾಗ ನಿನ್ನ ಕೈ ನಡುಗಿ ಗೆರೆ ತಪ್ಪದಂತೆ ಸ್ಕೇಲು ಒತ್ತಿಹಿಡಿಯುವುದು ನಾನು. ಗಿರಾಕಿಗಳಿಗೆ ಅಣ್ಣನಿಗೆ ಜ್ವರ ಎನ್ನುವುದು ನಾನು. ನಿನ್ನ ಜೇಬಿನಲ್ಲಿ ಸಿಕ್ಕ ನಿದ್ರೆ ಮಾತ್ರೆಗಳನ್ನು ಅಮ್ಮನಿಗೆ ತೋರಿಸದೆ ಮತ್ತೆ ಅಲ್ಲೇ ಇಟ್ಟವಳೂ ನಾನು. “ಅವರು ಬೀಳೋ ಕಡೆಯೆಲ್ಲ ಮೊದಲೇ ಹಾಸಿಗೆ ಹಾಸಿಡ್ತೀರಿ. ಬಿದ್ದದ್ದು ಅವರಿಗೆ ಗೊತ್ತಾಗೋದು ಹೇಗೆ?” ಎಂದರು. ನಾನು ಕಿಟಕಿಯ ಪರದೆಗೆ ಯಾರೋ ಹಾಕಿದ್ದ ತೇಪೆ ನೋಡುತ್ತ ಕೂತೆ.

ಮುಂದಿನ ಗುರುವಾರ ಬೆಳಿಗ್ಗೆ ನೀನೇ ಬರಬೇಕು ಎಂದಿದ್ದಾರೆ. ಅದೂ ತಪ್ಪಿದರೆ ನಿನ್ನ ಸರದಿ ಬೇರೆಯವರಿಗೆ ಹೋಗುತ್ತದೆ. ಹೊರಗೆ ಕಾಯುವವರಿಗೆ ಕೂರಲು ಬೆಂಚು ಸಾಲುತ್ತಿಲ್ಲ. ಅಮ್ಮ ಮಾತ್ರ ಈಗಲೂ, “ಒಂದು ಮದುವೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ” ಅನ್ನುತ್ತಾಳೆ. ಯಾವ ಪಾಪ ಮಾಡಿದ್ದಾಳೋ ಆ ಹುಡುಗಿ!

ನೀನು ಬರುತ್ತೀಯೆಂಬ ನಂಬಿಕೆ ನನಗಿಲ್ಲ, ಅಣ್ಣಾ. ಮೊದಲು ನೀನು ಮಾತು ಕೊಟ್ಟಾಗ ನಂಬುತ್ತಿದ್ದೆ, ಆಮೇಲೆ ನಂಬಿದಂತೆ ನಟಿಸುತ್ತಿದ್ದೆ. ಈಗ ಅದಕ್ಕೂ ತ್ರಾಣವಿಲ್ಲ.

ಬರುವ ದಾರಿಯಲ್ಲೇ ಬೀಗ ರಿಪೇರಿಯವರನ್ನು ಕರೆತಂದು ಮನೆಯ ಬೀಗ ಬದಲಾಯಿಸಿದೆ. ನೀನು ಆ ಕೋಣೆಯಲ್ಲಿ ಕೂತು ಮಾತಾಡಿ ಬಂದ ದಿನ ಬಾಗಿಲು ತೆರೆಯುತ್ತೇನೆ. ಅಲ್ಲಿಯವರೆಗೆ ಬರಬೇಡ. ತಟ್ಟಿದರೂ ಏಳುವುದಿಲ್ಲ. ಇದು ಅವರು ಹೇಳಿಕೊಟ್ಟದ್ದಲ್ಲ, ನಾನೇ ಯೋಚಿಸಿ ಮಾಡಿದ್ದು.

ಇಂತಿ,
ನಿನ್ನ ಮೂಕಿ

ಮರೆತ ಮಾತು: ಲಕೋಟೆ ಎಸೆಯಬೇಡ, ಹೊಸ ಕೀಲಿ ಅದರೊಳಗಿದೆ. ಊಟ ಮುಚ್ಚಿಟ್ಟಿರುತ್ತೇನೆ. ಅಮ್ಮನಿಗೆ ಎಚ್ಚರವಾಗದಂತೆ ಬಾ.