ಗಿಡ್ಡ ತೋಳು

ಮನೆ ಯಜಮಾನಿ ಅಮ್ಮನವರಿಗೆ,

ನಮಸ್ಕಾರ. ಅಡುಗೆಮನೆಯ ನಲ್ಲಿ ರಿಪೇರಿಯಾಯಿತು, ಈಗ ಸೋರುತ್ತಿಲ್ಲ. ಇದು ಬೇರೆ ವಿಷಯ.

ಮಗಳಿಗೆ ಸ್ವೆಟರ್ ಹೆಣೆಯುತ್ತಿರುವುದು ನಿಮಗೆ ಗೊತ್ತು. ನನಗೆ ಕಡ್ಡಿ ಹಿಡಿಯಲು ಕಲಿಸಿದವರೇ ನೀವು. ನಾನು ತಪ್ಪುವುದು ಜಾಸ್ತಿ, ಆದರೆ ಬಿಚ್ಚಿ ಮತ್ತೆ ಹೆಣೆಯುವುದರಲ್ಲೇ ನನಗೆ ಸುಖ. ಆಫೀಸಿನ ತಲೆಬಿಸಿಯೆಲ್ಲ ಆಗ ಇಳಿಯುತ್ತದೆ. "ತಪ್ಪು ಕಂಡ್ರೆ ನನ್ನ ಕೈ ಸುಮ್ನಿರಲ್ಲ ಕಣಮ್ಮ" ಎಂದು ನೀವು ನಗುತ್ತಿದ್ದಿರಿ.

ಹೋದ ವಾರ ಕಡ್ಡಿಯಿಂದ ಜಾರಿದ ಒಂದು ಕುಣಿಕೆಗೆ ಪಿನ್ನು ಚುಚ್ಚಿಟ್ಟು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಸರಿಯಾಗಿತ್ತು. ನಾನೇ ಸರಿಮಾಡಿ ಮರೆತಿರಬೇಕು ಅಂದುಕೊಂಡೆ. ನಿನ್ನೆ ಬೇಕೆಂದೇ ಒಂದು ಕುಣಿಕೆ ಜಾರಿಸಿಟ್ಟು ಹೋದೆ. ಅದೂ ಸರಿಯಾಗಿತ್ತು, ತೋಳು ಕೂಡ ಎರಡು ಬೆರಳಷ್ಟು ಉದ್ದವಾಗಿತ್ತು. ನನ್ನದು ಬಿಗಿ ಕೈ. ಆ ಸಾಲುಗಳು ಸಡಿಲ, ನಿಮ್ಮ ಶಾಲಿನ ಹಾಗೆ.

ಮಗಳ ಕೈಗೆ ಹಿಡಿದು ನೋಡಿದೆ. ಮಣಿಕಟ್ಟಿಗೆ ಸರಿಯಾಗಿ ಬಂತು. ನಾನು ಹೋದ ವರ್ಷದ ಅಳತೆ ಇಟ್ಟುಕೊಂಡಿದ್ದೆ.

"ಸ್ಕೂಲಿಂದ ಬಂದು ಮಲಗಿದ್ದಾಗ ಕೈ ಅಳೆದ್ಯಲ್ಲ" ಅಂದಳು. ನಾನಲ್ಲ ಅಂದೆ. "ನಿದ್ದೆಗಣ್ಣಲ್ಲಿ ನೀನೇ ಅನ್ಕೊಂಡೆ."

ನಮ್ಮ ಬಾಗಿಲಿನ ಕೀ ನನ್ನ ಹತ್ತಿರ ಒಂದು, ಮಗಳ ಹತ್ತಿರ ಒಂದಿದೆ. ನಿಮ್ಮಲ್ಲಿರುವುದನ್ನು ದಯವಿಟ್ಟು ಇವತ್ತೇ ಕೊಡಿ. ಒಳಚಿಲಕ ಹಾಕುವವರು ನಾಳೆ ಬರುತ್ತಾರೆ, ಗೇಟು ತೆಗೆಯಿರಿ.

ತೋಳನ್ನು ಬಿಚ್ಚಿ ಹಳೆಯ ಅಳತೆಗೇ ಮತ್ತೆ ಹೆಣೆದಿದ್ದೇನೆ. ಅವಳಿಗೆ ಗಿಡ್ಡವಾಗುತ್ತದೆ, ಆಗಲಿ. ದಯವಿಟ್ಟು ಅದನ್ನು ಸರಿಮಾಡಬೇಡಿ.

ಇಂತಿ,
ಮಹಡಿ ಮನೆಯವಳು